ಆಸನದ ಆಯ್ಕೆಯೂ ಕ್ಷೇಮದ ವಿಚಾರವೂ

ಮನುಷ್ಯನು ಯಾವ ವಾಹನವನ್ನು ಏರಿದರೂ ಅವನ ಮನಸ್ಸಿನಲ್ಲಿ ಮೊದಲು ಹುಟ್ಟುವ ಪ್ರಶ್ನೆಯು ಎಲ್ಲಿ ಕುಳಿತುಕೊಳ್ಳಬೇಕೆಂಬುದು. ಬಸ್ಸು ನಿಲ್ದಾಣಕ್ಕೆ ಬರುತ್ತಲೇ ಕಿಟಕಿಯೊಳಗೆ ಟವೆಲ್ಲನ್ನು ಎಸೆದು ಜಾಗ ಹಿಡಿಯುವವನಿಂದ ಮೊದಲುಗೊಂಡು, ವಾಡಿ ಜಂಕ್ಷನ್ನಿನಲ್ಲಿ ರೈಲು ಬರುವ ಮುಂಚೆಯೇ ಕಿಟಕಿಯ ಪಕ್ಕದ ಸ್ಥಾನ ತನ್ನದೆಂದು ತಮ್ಮನೊಡನೆ ಜಗಳವಾಡುವ ಬಾಲಕನವರೆಗೆ, ಎಲ್ಲರೂ ಈ ಪ್ರಶ್ನೆಯನ್ನು ತಮತಮಗೆ ತೋರಿದಂತೆ ಬಿಡಿಸಿಕೊಳ್ಳುತ್ತಿರುವರು. ಈ ಆಯ್ಕೆಯಲ್ಲಿ ಎರಡು ಅಪೇಕ್ಷೆಗಳು ಬೆರೆತಿರುತ್ತವೆ. ಒಂದು ಸುಖದ ಅಪೇಕ್ಷೆ. ಇನ್ನೊಂದು ಕ್ಷೇಮದ ಅಪೇಕ್ಷೆ. ಇವೆರಡನ್ನು ಬೇರ್ಪಡಿಸದೆ ಒಂದೇ ಎಂದು ಭಾವಿಸುವುದರಿಂದ ಎಂತಹ ಪ್ರಮಾದಗಳು ಸಂಭವಿಸುತ್ತವೆಂಬುದನ್ನು, ಕೇವಲ ವಿನೋದಕ್ಕಾಗಿಯೇ ನಿರ್ಮಿತವಾದ ಒಂದು ವಾಹನದ ಉದಾಹರಣೆಯಿಂದ ವಿಚಾರಿಸಿ ನೋಡಬಹುದಾಗಿದೆ.

ವಿನೋದಕ್ಕಾಗಿ ದೇಹವನ್ನು ಗಾಳಿಗೆ ಒಪ್ಪಿಸುವುದು ಕನ್ನಡ ನಾಡಿಗೆ ಹೊಸದಲ್ಲ. ನಾಗರಪಂಚಮಿಯ ದಿನ ಉತ್ತರದ ಜಿಲ್ಲೆಗಳ ಊರೂರಿನಲ್ಲಿಯೂ ಮರದ ಕೊಂಬೆಗೆ ಜೋಕಾಲಿ ಕಟ್ಟುವರು. ಹಗ್ಗವನ್ನು ಬಿಗಿದ ಹಿರಿಯನು ತಾನೇ ಮೊದಲು ಅದಕ್ಕೆ ಜೋತುಬಿದ್ದು, ಕೊಂಬೆ ತಡೆಯುವುದೋ ಗಂಟು ಜಾರುವುದೋ ಎಂದು ನೋಡಿದ ಮೇಲೆಯೇ ಹೆಣ್ಣುಮಕ್ಕಳನ್ನು ಕೂರಿಸುವನು. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರಿನ ಹಗ್ಗವನ್ನು ಸಾವಿರ ಕೈಗಳು ಹಿಡಿದೆಳೆಯುತ್ತಿರುವಾಗ, ಗಾಲಿಯ ಬಳಿಯಲ್ಲಿ ಬಾಗಿ ನಡೆಯುತ್ತ, ಬೇಕಾದಾಗ ಮರದ ತುಂಡನ್ನು ಅಡ್ಡ ಕೊಟ್ಟು ತೇರನ್ನು ನಿಲ್ಲಿಸುವವರು ಕೆಲವರೇ. ಜನರ ಕಣ್ಣು ಕಳಸದ ಮೇಲಿರುತ್ತದೆ. ಜನರ ಪ್ರಾಣವು ಆ ಮರದ ತುಂಡಿನ ಮೇಲಿರುತ್ತದೆ. ಈ ಎರಡು ಚಿತ್ರಗಳನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವು ಸುಗಮವಾಗುವುದು.

ಈಗ ರೋಲರ್ ಕೋಸ್ಟರ್ ಎಂಬ ಏರಿಳಿವಿನ ಬಂಡಿಯ ಪ್ರಸ್ತಾಪ. ಇದರ ಮೂಲವು ರಷ್ಯಾ ದೇಶದ ಚಳಿಗಾಲದಲ್ಲಿ ಮರದ ಅಟ್ಟಣೆಯ ಮೇಲೆ ನೀರು ಹೊಯ್ದು ಹೆಪ್ಪುಗಟ್ಟಿಸಿ ಜನರು ಜಾರುತ್ತಿದ್ದ ಹಿಮದ ದಿಬ್ಬಗಳಲ್ಲಿದೆ. 1817ರಲ್ಲಿ ಪ್ಯಾರಿಸ್ ನಗರದಲ್ಲಿ ಗಾಲಿಯುಳ್ಳ ಬಂಡಿಗಳನ್ನು ಇಂತಹ ಇಳಿಜಾರಿನಲ್ಲಿ ಓಡಿಸಿದರು. 1884ರಲ್ಲಿ ಅಮೆರಿಕದ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬವನು ಕಟ್ಟಿದ ಬಂಡಿಯು ಗಂಟೆಗೆ ಸುಮಾರು 10 ಕಿಲೋಮೀಟರು ಮಾತ್ರ ಓಡುತ್ತಿತ್ತು. ಅಲ್ಲಿಂದ ಮುಂದೆ ಎತ್ತರವೂ ವೇಗವೂ ಬೆಳೆಯುತ್ತ ಬಂದವು. ಕರ್ನಾಟಕದಲ್ಲಿ ಬಿಡದಿಯ ಬಳಿಯ ವಂಡರ್‌ಲಾ ಉದ್ಯಾನವು 2005ರಲ್ಲಿಯೂ, ಅದೇ ಸಂಸ್ಥೆಯ ಹೈದರಾಬಾದಿನ ಉದ್ಯಾನವು 2016ರಲ್ಲಿಯೂ ತೆರೆದ ಮೇಲೆ, ಹಿಂದೆ ಚಿತ್ರದಲ್ಲಿ ಮಾತ್ರ ಕಂಡಿದ್ದ ಈ ಬಂಡಿಗಳು ಸಾಮಾನ್ಯ ಗೃಹಸ್ಥರ ರಜೆಯ ಪ್ರಯಾಣದೊಳಗೆ ಸೇರಿದವು.

ಚಿಂಚೋಳಿ ತಾಲೂಕಿನ ಕುಂಚಾವರಂ ಕಾಡಿನಂಚಿನ ಊರು. 2011ರಲ್ಲಿ ಅದರ ಸುತ್ತಣ ಅರಣ್ಯವು ವನ್ಯಜೀವಿಧಾಮವಾಯಿತು. ತೆಲಂಗಾಣದ ಗಡಿಯಲ್ಲಿರುವ ಆ ಊರಿಗೆ ಬೆಂಗಳೂರಿಗಿಂತ ಹೈದರಾಬಾದೇ ಬಹಳ ಹತ್ತಿರ. ಅಲ್ಲಿಯ ಒಂದು ಮನೆಯವರು ಮಕ್ಕಳ ಬೇಸಗೆಯ ರಜೆಯಲ್ಲಿ ಹೈದರಾಬಾದಿಗೆ ಹೋಗಿ ಇಂತಹ ಒಂದು ಬಂಡಿಯ ಮುಂದೆ ಸಾಲಿನಲ್ಲಿ ನಿಂತಿರುವರೆಂದು ಇಟ್ಟುಕೊಳ್ಳಬಹುದು. ತಾಯಿ, ಮಕ್ಕಳ ಕಾಕಾ, ಕಾಲೇಜಿನಲ್ಲಿ ಓದುವ ಮಗಳು, ಏಳೆಂಟು ವರ್ಷದ ಮಗ. ಮಗಳಿಗೆ ಎಲ್ಲಕ್ಕೂ ಮುಂದಿನ ಆಸನವೇ ಬೇಕು. ಕಾಕಾ, "ಮುಂದ ಬ್ಯಾಡ, ನಡುವ ಕೂಡ್ರಿ, ನಡುವ ಕುಂತ್ರ ಏನೂ ಆಗಂಗಿಲ್ಲ" ಎನ್ನುವನು. ತಾಯಿಯು, ಮಗನನ್ನು ಯಾವುದು ಕ್ಷೇಮವೋ ಅಲ್ಲಿ ಕೂರಿಸಿ ತಾನು ಬೇಕಾದಲ್ಲಿ ಕೂಡುವೆನೆಂದು ಹೇಳುವಳು. ಮೂವರ ಮಾತೂ ಸಹಜವೇ. ಆದರೆ ಮೂವರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರುವರೆ? ಇಲ್ಲ. ಮಗಳು ಹೇಳುವುದು ಸುಖದ ಮಾತು. ಕಾಕಾ ಹೇಳುವುದು ಕ್ಷೇಮದ ಮಾತು. ತಾಯಿ ಹೇಳುವುದು ಕರ್ತವ್ಯದ ಮಾತು. ಮೂರನ್ನೂ ಬೇರೆ ಬೇರೆಯಾಗಿ ತೂಗಬೇಕು.

ಸುಖದ ಮಾತಿನಲ್ಲಿ ಆಸನಕ್ಕೆ ನಿಜವಾಗಿಯೂ ಬೆಲೆಯುಂಟು. ಬಂಡಿಗೆ ಸ್ವಂತ ಯಂತ್ರವಿರುವುದಿಲ್ಲ. ಸರಪಣಿಯೊಂದು ಅದನ್ನು ದಿಬ್ಬದ ನೆತ್ತಿಗೆ ಎಳೆದು ಬಿಡುತ್ತದೆ. ಅಲ್ಲಿಂದ ಭೂಮಿಯ ಆಕರ್ಷಣೆಯೇ ಓಡಿಸುತ್ತದೆ. 20 ಮೀಟರು ಎತ್ತರದಿಂದ ಇಳಿದ ಬಂಡಿಯು, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ತಳವನ್ನು ಮುಟ್ಟುವಾಗ ಗಂಟೆಗೆ ಸುಮಾರು 71 ಕಿಲೋಮೀಟರು ವೇಗವನ್ನು ಹೊಂದಿರುವುದು. ಮುಂದಿನ ಡಬ್ಬಿಯು ನೆತ್ತಿಯನ್ನು ದಾಟುವಾಗ ಉಳಿದ ಭಾರವೆಲ್ಲ ಹಿಂದಣ ಏರಿನಲ್ಲಿಯೇ ಇರುವುದರಿಂದ ಅದು ಮೆಲ್ಲನೆ ದಾಟಿ, ಕ್ಷಣಕಾಲ ಶೂನ್ಯದ ಮೇಲೆ ತೂಗಿದಂತೆ ನಿಲ್ಲುವುದು. ಅಲ್ಲಿ ಕುಳಿತವನಿಗೆ ನೋಟದ ಭಯ. ಹಿಂದಿನ ಡಬ್ಬಿಯು ನೆತ್ತಿಗೆ ಬರುವ ಹೊತ್ತಿಗೆ ಮುಂದಿನವೆಲ್ಲ ಇಳಿಯತೊಡಗಿರುವುದರಿಂದ ಅದನ್ನು ಸೆಳೆದುಕೊಂಡು ಹೋಗುವುವು. ಅಲ್ಲಿ ಕುಳಿತವನ ಮೈ ಆಸನದಿಂದ ಮೇಲೆದ್ದು ಹೊಟ್ಟೆಯೊಳಗೆ ಕಳವಳವಾಗುವುದು. ಅವನಿಗೆ ದೇಹದ ಭಯ. ನಡುವೆ ಕುಳಿತವನಿಗೆ ಎರಡೂ ಅಲ್ಪವಾಗಿ ದೊರೆಯುತ್ತವೆ. ಆದುದರಿಂದ ನೋಟ ಬೇಕಾದವನು ಮುಂದೆಯೂ, ಜಿಗಿತ ಬೇಕಾದವನು ಹಿಂದೆಯೂ, ಮೊದಲ ಸಲ ಏರುವವನು ನಡುವೆಯೂ ಕೂಡುವುದು ಯುಕ್ತವೇ. ಇದು ಅಭಿರುಚಿಯ ವಿಷಯ. ಇಲ್ಲಿ ಒಬ್ಬನ ಆಯ್ಕೆಯಿಂದ ಇನ್ನೊಬ್ಬನಿಗೆ ಕೇಡಿಲ್ಲ.

ಕ್ಷೇಮದ ಮಾತು ಹಾಗಲ್ಲ. "ನಡುವೆ ಕುಳಿತರೆ ಏನೂ ಆಗದು" ಎಂಬ ಮಾತಿನಲ್ಲಿ, ಮುಂದೆಯೋ ಹಿಂದೆಯೋ ಕುಳಿತವರಿಗೆ ಏನಾದರೂ ಆಗಬಹುದೆಂಬ ಒಪ್ಪಿಗೆಯು ಅಡಗಿದೆ. ಈ ಒಪ್ಪಿಗೆಯನ್ನು ಬೆಳಕಿಗೆ ತಂದು ನೋಡಿದರೆ ಅದು ನಿಲ್ಲತಕ್ಕದ್ದಲ್ಲ. ಒಂದು ಬಂಡಿಯಲ್ಲಿ ಕೆಲವು ಆಸನಗಳು ಕ್ಷೇಮವಾಗಿಯೂ ಕೆಲವು ಅಪಾಯವಾಗಿಯೂ ಇದ್ದರೆ, ವಿವೇಕಿಯು ಮಾಡಬೇಕಾದುದು ಕ್ಷೇಮವಾದುದನ್ನು ಆರಿಸಿಕೊಳ್ಳುವುದಲ್ಲ. ಆ ಬಂಡಿಯು ನಡೆಯಕೂಡದೆಂದು ಹೇಳುವುದು. ತಾಯಿಯು ಮಗನಿಗೆ ಒಳ್ಳೆಯ ಸ್ಥಾನ ಕೊಟ್ಟು ತಾನು ಕೆಟ್ಟ ಸ್ಥಾನದಲ್ಲಿ ಕೂಡಲು ಸಿದ್ಧಳಾಗುವುದು ಪ್ರೇಮದ ಲಕ್ಷಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮುಂದಿನ ಸಲದ ಓಟದಲ್ಲಿ ಆ ಕೆಟ್ಟ ಸ್ಥಾನದಲ್ಲಿ ಇನ್ನೊಬ್ಬ ತಾಯಿಯ ಮಗನು ಕುಳಿತಿರುವನು. ಪ್ರೇಮವು ತನ್ನವರ ಎಲ್ಲೆಯನ್ನು ದಾಟದಿದ್ದರೆ ಅದು ಅಪಾಯವನ್ನು ಕಳೆಯುವುದಿಲ್ಲ, ಪಕ್ಕದವನ ಕಡೆಗೆ ಸರಿಸುತ್ತದೆ.

ಅನುಭವವೂ ಇದನ್ನೇ ಹೇಳುತ್ತದೆ. 2015ನೆಯ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದಲ್ಲಿ 16 ಜನರಿದ್ದ ಬಂಡಿಯೊಂದು ದಾರಿಯಲ್ಲಿ ನಿಂತುಹೋಗಿದ್ದ ಖಾಲಿ ಬಂಡಿಗೆ ಬಡಿಯಿತು. ಮುಂದಿನ ಸಾಲಿನವರಿಗೇ ಹೆಚ್ಚಿನ ಪೆಟ್ಟಾಗಿ, ಇಬ್ಬರು ತರುಣಿಯರು ಒಂದೊಂದು ಕಾಲನ್ನು ಕಳೆದುಕೊಂಡರು. ಇದನ್ನು ಕೇಳಿದವನು, ಮುಂದಿನ ಸಾಲು ಕೆಟ್ಟದ್ದೆಂದು ನಿರ್ಣಯಿಸಬಹುದು. ಆದರೆ 1972ನೆಯ ಮೇ 30ರಂದು ಲಂಡನ್ನಿನ ಬ್ಯಾಟರ್ಸಿ ಉದ್ಯಾನದಲ್ಲಿ, ಬಂಡಿಯು ಏರನ್ನು ಹತ್ತುತ್ತಿರುವಾಗ ಎಳೆಯುವ ಹಗ್ಗದಿಂದ ಕಳಚಿಕೊಂಡು ಹಿಂದಕ್ಕೆ ಉರುಳಿತು. ಐವರು ಮಕ್ಕಳು ಸತ್ತರು. ಅಲ್ಲಿ ಹಿಂದಿನದೇ ಮುಂದಿನದಾಯಿತು. 2019ನೆಯ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ, ಲೋಲಕದಂತೆ ತೂಗುವ ಯಂತ್ರವೊಂದು ಮುರಿದು, ಜನರು ಕುಳಿತಿದ್ದ ಚಕ್ರವೇ ಸಮಗ್ರವಾಗಿ ಕೆಳಗೆ ಬಿದ್ದಿತು. ಇಬ್ಬರು ಸತ್ತರು, ಹಲವರು ಗಾಯಗೊಂಡರು. ಅಲ್ಲಿ ಮುಂದೆ ಹಿಂದೆ ಎಂಬುದೇ ಇರಲಿಲ್ಲ. ವಂಡರ್‌ಲಾದ ರಿಕಾಯಿಲ್ ಎಂಬ ಬಂಡಿಯಂತೂ ಹೋದ ದಾರಿಯಲ್ಲಿಯೇ ಹಿಮ್ಮುಖವಾಗಿ ಮರಳುವಂತೆ ರಚಿತವಾದುದು. ಅದರಲ್ಲಿ ಮೊದಲನೆಯವನು ಕಡೆಯವನಾಗಲು ಎರಡು ನಿಮಿಷ ಸಾಕು. ಅಪಘಾತವು ಯಾವ ದಿಕ್ಕಿನಿಂದ ಬರುವುದೆಂಬುದನ್ನು ಮುಂದಾಗಿ ತಿಳಿದವನು ಮಾತ್ರ ಆಸನದಿಂದ ಕ್ಷೇಮವನ್ನು ಪಡೆಯಬಲ್ಲನು. ಅದನ್ನು ತಿಳಿದವನು ಬಂಡಿಯನ್ನು ಏರುವುದೇ ಇಲ್ಲ.

ಹಾಗಾದರೆ ಕ್ಷೇಮವಿರುವುದು ಎಲ್ಲಿ? ಕಣ್ಣಿಗೆ ಬೀಳದ ಸ್ಥಳಗಳಲ್ಲಿ. ಹಳಿಯ ಮೇಲೆ ಓಡುವ ಗಾಲಿಯಲ್ಲದೆ ಹಳಿಯ ಪಕ್ಕವನ್ನು ಒತ್ತುವ ಗಾಲಿ ಒಂದು, ಹಳಿಯನ್ನು ಕೆಳಗಿನಿಂದ ಹಿಡಿಯುವ ಗಾಲಿ ಇನ್ನೊಂದು ಇರುತ್ತವೆ. ಕೆಳಗಿನ ಗಾಲಿಯನ್ನು ಅಮೆರಿಕದ ಜಾನ್ ಮಿಲ್ಲರ್ ಎಂಬವನು ಸುಮಾರು 1919ರಲ್ಲಿ ಬಳಕೆಗೆ ತಂದ ಮೇಲೆಯೇ ಬಂಡಿಯು ಹಳಿಯನ್ನು ಬಿಟ್ಟು ಹಾರುವ ಭಯವು ತಗ್ಗಿತು. ಸರಪಣಿಯ ಏರನ್ನು ಹತ್ತುವಾಗ ಕೇಳುವ ಟಕ್ ಟಕ್ ಶಬ್ದವು ಹೊಸಬರ ಎದೆಯನ್ನು ನಡುಗಿಸುತ್ತದೆ. ವಾಸ್ತವವಾಗಿ ಅದು ಬಂಡಿಯು ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಕಚ್ಚಿಕೊಳ್ಳುವ ಕೊಂಡಿಯ ಸದ್ದು. ಭಯದ ಸದ್ದೆಂದು ತಿಳಿದದ್ದೇ ಅಭಯದ ಸದ್ದಾಗಿರುವುದು.

ಇವೆಲ್ಲಕ್ಕಿಂತ ಮುಖ್ಯವಾದುದು ವಾಡಿ, ಚಿತ್ತಾಪುರ, ಸೇಡಂ ಕಡೆಯವರಿಗೆ ಪರಿಚಿತವಾದ ಒಂದು ನಿಯಮ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದಂದಿನಿಂದ ಆ ಸೀಮೆಯ ಜನರು ಕೈಮರ ಬೀಳುವವರೆಗೆ ರೈಲು ನಿಲ್ದಾಣದ ಹೊರಗೆ ಕಾಯುವುದನ್ನು ಕಂಡವರು. ಹಳಿಯ ಒಂದು ಖಂಡದಲ್ಲಿ ಒಂದು ರೈಲು ಇರುವವರೆಗೆ ಎರಡನೆಯದನ್ನು ಒಳಗೆ ಬಿಡಬಾರದೆಂಬುದೇ ಆ ನಿಯಮ. ಏರಿಳಿವಿನ ಬಂಡಿಗೂ ಇದೇ ಕಟ್ಟಳೆ. ಆಲ್ಟನ್ ಟವರ್ಸಿನಲ್ಲಿ ಯಂತ್ರವು ಈ ಕಟ್ಟಳೆಯನ್ನು ಪಾಲಿಸಿ, ಜನರಿದ್ದ ಬಂಡಿಯನ್ನು ಸರಿಯಾಗಿಯೇ ನಿಲ್ಲಿಸಿತ್ತು. ಮುಂದೆ ಖಾಲಿ ಬಂಡಿ ನಿಂತಿರುವುದನ್ನು ಅರಿಯದ ಕೆಲಸಗಾರರು, ಯಂತ್ರವೇ ತಪ್ಪಿತೆಂದು ಭಾವಿಸಿ, ಅದರ ತಡೆಯನ್ನು ಮೀರಿ ಬಂಡಿಯನ್ನು ಬಿಟ್ಟರು. 2016ರಲ್ಲಿ ನ್ಯಾಯಾಲಯವು ಉದ್ಯಾನವನ್ನು ನಡೆಸುವ ಸಂಸ್ಥೆಗೆ 50 ಲಕ್ಷ ಪೌಂಡು ದಂಡ ವಿಧಿಸಿತು. ಉಕ್ಕು ಸರಿಯಾಗಿತ್ತು, ತಡೆಯೂ ಸರಿಯಾಗಿತ್ತು, ಕಾಯುವ ತಾಳ್ಮೆಯೊಂದು ತಪ್ಪಿತು.

ತಾಳ್ಮೆಯ ಮಾತು ಬಂದುದರಿಂದ ಪ್ರಯಾಣಿಕನ ಪಾಲನ್ನೂ ಹೇಳಲೇಬೇಕು. ಕೆಲಸದ ತರುಣನು ಸಾಲಿನಿಂದ ಸಾಲಿಗೆ ಹೋಗಿ ಪ್ರತಿಯೊಬ್ಬರ ಎದೆಯ ಮೇಲಣ ಸರಳನ್ನು ಜಗ್ಗಿ ನೋಡುತ್ತಿರುವಾಗ, "ಎಷ್ಟೊತ್ತು? ಬಿಡು ಲಗೂನ" ಎಂದು ಹಿಂದಿನಿಂದ ಕೂಗುವವನೊಬ್ಬನು ಇದ್ದೇ ಇರುವನು. ತನ್ನ ಸರಳನ್ನು ಎರಡು ಸಲ ನೋಡಲಿ, ಪಕ್ಕದವನದನ್ನು ನೋಡದಿದ್ದರೂ ಅಡ್ಡಿಯಿಲ್ಲ ಎಂಬುದು ಆ ಕೂಗಿನ ಅರ್ಥ. ದಿನಕ್ಕೆ ನೂರಾರು ಸಲ ಅದೇ ಸರಳನ್ನು ಜಗ್ಗುವ ಆ ತರುಣನ ಕೆಲಸಕ್ಕೆ ಕೀರ್ತಿಯಿಲ್ಲ. ತಪ್ಪಿದ ದಿನ ಮಾತ್ರ ಹೆಸರು ಬರುವುದು. ಶರಣರು ಕಾಯಕವೆಂದು ಕರೆದುದು ಇಂತಹ ಕೆಲಸವನ್ನೇ ಅಲ್ಲವೆ? ಅವನ ಕಾಯಕಕ್ಕೆ ಬೇಕಾದ ಹೊತ್ತನ್ನು ಕೊಡುವುದು ಏರುವವರ ಧರ್ಮ. ಅದರೊಡನೆ ತನ್ನ ದೇಹದ ಸತ್ಯವನ್ನು ಮರೆಮಾಚದಿರುವುದೂ ಧರ್ಮವೇ: ಹೃದಯದ ರೋಗವುಳ್ಳವರು, ಬೆನ್ನು ಕತ್ತಿನ ನೋವುಳ್ಳವರು, ಗರ್ಭಿಣಿಯರು ಏರದಿರುವುದು, ಸೆರಗು, ದುಪಟ್ಟಾ, ನೀಳವಾದ ಜಡೆಗಳನ್ನು ಬಿಗಿದು ಕಟ್ಟಿಕೊಳ್ಳುವುದು, ಬೆನ್ನನ್ನೂ ತಲೆಯನ್ನೂ ಆಸನಕ್ಕೆ ಒರಗಿಸಿ ಕೈಗಳನ್ನು ಒಳಗಿಟ್ಟುಕೊಳ್ಳುವುದು. ಇವು ಆಸನದ ಆಯ್ಕೆಗಿಂತ ಚಿಕ್ಕವಾಗಿ ಕಂಡರೂ ಅದಕ್ಕಿಂತ ಹೆಚ್ಚು ಕಾಪಾಡುವಂಥವು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಸಾಮಾನ್ಯನು ಗಾಲಿಯನ್ನಾಗಲಿ ಕೊಂಡಿಯನ್ನಾಗಲಿ ಪರೀಕ್ಷಿಸಬಲ್ಲನೆ? ಅವನ ಕೈಯಲ್ಲಿರುವುದು ಆಸನವೊಂದೇ. ಅದನ್ನಾದರೂ ಆರಿಸಿಕೊಂಡು ಸಮಾಧಾನ ಪಡಬಾರದೆ? ಎಂದು. ಸಮಾಧಾನ ಪಡಬಹುದು, ಆದರೆ ಸಮಾಧಾನವನ್ನು ಕ್ಷೇಮವೆಂದು ತಿಳಿಯಬಾರದು. ಕಠೋಪನಿಷತ್ತಿನ ಪ್ರಸಿದ್ಧವಾದ ರೂಪಕದಲ್ಲಿ ಶರೀರವು ರಥ, ಆತ್ಮನು ರಥಿಕ, ಬುದ್ಧಿಯು ಸಾರಥಿ, ಮನಸ್ಸು ಲಗಾಮು. ಏರಿಳಿವಿನ ಬಂಡಿಯಾದರೋ ಲಗಾಮಿಲ್ಲದ ರಥ. ಏರಿ ಕುಳಿತ ಮೇಲೆ ರಥಿಕನ ಬುದ್ಧಿಗೆ ಮಾಡಲು ಏನೂ ಉಳಿಯದು. ಅದು ಮಾಡಬೇಕಾದುದೆಲ್ಲ ಏರುವುದಕ್ಕೆ ಮೊದಲೇ. ಈ ಯಂತ್ರವನ್ನು ಇಂದು ಬೆಳಿಗ್ಗೆ ಖಾಲಿ ಓಡಿಸಿ ನೋಡಿದ್ದಾರೆಯೆ, ಪರೀಕ್ಷಿಸಿದವರು ಯಾರು, ಪರವಾನಗಿಯಿದೆಯೆ ಎಂದು ಕೇಳಬಹುದು. ಉತ್ತರ ಸರಿಯಾಗಿಲ್ಲದಿದ್ದರೆ ಹಿಂತಿರುಗಬಹುದು. ಈ ಪ್ರಶ್ನೆಯಿಂದ ಕೇಳಿದವನಿಗೆ ಮಾತ್ರವಲ್ಲ, ಕೇಳದ ನೂರು ಮಂದಿಗೂ ಫಲವುಂಟು. ಆಸನದ ಆಯ್ಕೆಯಿಂದ ಒಬ್ಬನಿಗೆ ಸಮಾಧಾನ. ಪ್ರಶ್ನೆಯಿಂದ ಎಲ್ಲರಿಗೂ ಕ್ಷೇಮ.

ಹಣವುಳ್ಳವನು ದೊಡ್ಡ ಉದ್ಯಾನಕ್ಕೆ ಹೋಗುವನು. ಇಲ್ಲದವನು ಜಾತ್ರೆಯ ತಿರುಗುವ ತೊಟ್ಟಿಲನ್ನು ಏರುವನು. ಊರಿಂದೂರಿಗೆ ಲಾರಿಯಲ್ಲಿ ಸಾಗಿ, ಹೊಲದ ಮಣ್ಣಿನ ಮೇಲೆ ಹಲಗೆಯಿಟ್ಟು ನಿಲ್ಲಿಸಿದ ಆ ತೊಟ್ಟಿಲಿನ ಬೋಲ್ಟುಗಳನ್ನು ಪ್ರತಿಯೊಂದು ಊರಿನಲ್ಲಿಯೂ ಬಿಚ್ಚಿ ಮತ್ತೆ ಬಿಗಿಯಬೇಕು. ಟಿಕೀಟಿನ ಬೆಲೆ ಅಗ್ಗವಾದ ಮಾತ್ರಕ್ಕೆ ಅದನ್ನು ಏರುವ ಕೂಸಿನ ಪ್ರಾಣವು ಅಗ್ಗವಾಗದು. ಸುಖವನ್ನು ಹಣಕ್ಕೆ ತಕ್ಕಂತೆ ಅಳೆದು ಕೊಡಬಹುದು. ಕ್ಷೇಮವನ್ನು ಹಾಗೆ ಅಳೆಯಲಾಗದು. ಜೋಕಾಲಿ ಕಟ್ಟಿದ ಹಿರಿಯನು ತಾನೇ ಮೊದಲು ಜೋತು ನೋಡುವ ಪದ್ಧತಿಯಲ್ಲಿ ಈ ನ್ಯಾಯವು ಸ್ಪಷ್ಟವಾಗಿದೆ. ಅವನು ತನ್ನ ಮಗಳಿಗಾಗಿ ಮಾತ್ರ ನೋಡುವುದಿಲ್ಲ. ಆ ದಿನ ಅಲ್ಲಿಗೆ ಬಂದು ಕೂಡುವ ಎಲ್ಲರ ಮಕ್ಕಳಿಗಾಗಿಯೂ ನೋಡುವನು.

ಈಗ ಕುಂಚಾವರಂನ ಆ ಮನೆಯವರ ಕಡೆಗೆ ಮರಳಬಹುದು. ಸಾಲು ಮುಂದುವರಿದು ಎತ್ತರವನ್ನು ಅಳೆಯುವ ಗೆರೆಯ ಬಳಿಗೆ ಬಂದಾಗ ಹುಡುಗನು ಎರಡು ಬೆರಳಷ್ಟು ಕಡಿಮೆಯಾದನು. ಅವನ ಕಣ್ಣಲ್ಲಿ ನೀರು ತುಂಬಿತು. ಕಾಕಾ ಕನಿಕರದಿಂದ, ಬೂಟಿನೊಳಗೆ ಕರವಸ್ತ್ರವನ್ನು ಮಡಿಸಿಟ್ಟು ಮತ್ತೆ ನಿಲ್ಲಿಸೋಣವೆಂದು ಕಿವಿಯಲ್ಲಿ ಹೇಳಿದನು. ತಾಯಿಯು ಒಪ್ಪಲಿಲ್ಲ. "ಆ ಗೆರಿ ಇವನ್ನ ಸಣ್ಣಾಂವ ಅನ್ಲಿಕ್ಕೆ ಹಾಕಿಲ್ಲ, ಆ ಸರಳು ಇವನ್ನ ಹಿಡೀತದೋ ಇಲ್ಲೋ ಅಂತ ನೋಡ್ಲಿಕ್ಕೆ ಹಾಕ್ಯಾರ" ಎಂದಳು. ಮಗಳು ಮುಂದಿನ ಆಸನದಲ್ಲಿಯೂ ಕಾಕಾ ನಡುವೆಯೂ ಕುಳಿತು ಹೋಗಿ ಬಂದರು. ತಾಯಿಯೂ ಮಗನೂ ಕೆಳಗೆ ನಿಂತು ನೋಡಿದರು. ಯಾವ ಆಸನವು ಕ್ಷೇಮವೆಂದು ಕೇಳುತ್ತಿದ್ದವಳು ಆ ಹೊತ್ತಿಗೆ, ಆ ಪ್ರಶ್ನೆಗಿಂತ ಮೇಲಾದ ಒಂದು ಉತ್ತರವನ್ನು ಕಂಡುಕೊಂಡಿದ್ದಳು.

ಆದರೆ ವಿಚಾರವು ಉದ್ಯಾನದ ಬಾಗಿಲಲ್ಲಿಯೇ ಮುಗಿಯುವುದಿಲ್ಲ. ಸಾಯಂಕಾಲ ಬಸ್ಸು ಇಳಿದು ಊರ ಕಡೆಗೆ ಹೊರಡುವಾಗ ಸಿಕ್ಕಿದ್ದು ಒಂದು ಟ್ರ್ಯಾಕ್ಟರು. ಟ್ರಾಲಿಯಲ್ಲಿ ಕೂಲಿಯ ಹೆಂಗಸರು ಅಂಚಿನವರೆಗೆ ಕಿಕ್ಕಿರಿದು ಕುಳಿತಿದ್ದರು. ಕೆಲವರ ಕಾಲುಗಳು ಹೊರಗೆ ಜೋಲಾಡುತ್ತಿದ್ದವು. ಇಬ್ಬರು ಗಂಡಸರು ದೊಡ್ಡ ಗಾಲಿಯ ಮೇಲಣ ಮಡ್‌ಗಾರ್ಡನ್ನು ಏರಿದ್ದರು. ಕಾಕಾ ತಾನೂ ಅಲ್ಲಿಯೇ ಏರಿ, ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಕೈ ಚಾಚಿದನು. ಹುಡುಗನು ಸುತ್ತ ನೋಡಿ, "ಯವ್ವಾ, ಇಲ್ಲಿ ಗೆರಿ ಎಲ್ಲಿ ಅದ?" ಎಂದು ಕೇಳಿದನು.

ಗೆರೆಯಿರಲಿಲ್ಲ. ಸರಳೂ ಇರಲಿಲ್ಲ, ಅದನ್ನು ಜಗ್ಗಿ ನೋಡುವ ತರುಣನೂ ಇರಲಿಲ್ಲ. ಭಯವನ್ನು ಹಣ ಕೊಟ್ಟು ಕೊಳ್ಳುವ ಸ್ಥಳದಲ್ಲಿ ಅಷ್ಟೊಂದು ಕಟ್ಟಳೆಗಳಿರುತ್ತವೆ. ಹೊಟ್ಟೆಗಾಗಿ ಪ್ರತಿದಿನವೂ ಏರಲೇಬೇಕಾದ ವಾಹನದಲ್ಲಿ ಕುಳಿತವರು ಭಯವನ್ನೇ ಮರೆತಿರುವರು. ಉದ್ಯಾನದ ಬಂಡಿಯಲ್ಲಿ ಆಸನಗಳು ಕ್ಷೇಮದಲ್ಲಿ ಸಮಾನವಾಗಿರತಕ್ಕದ್ದೆಂದು ನಿರ್ಣಯಿಸಿದವರು, ಟ್ರಾಲಿಯ ಅಂಚಿನಲ್ಲಿ ಕುಳಿತವಳ ವಿಷಯದಲ್ಲಿ ಬೇರೆ ನಿರ್ಣಯವನ್ನು ಹೇಳಬಹುದೆ? ಅವಳು ಆ ಸ್ಥಾನವನ್ನು ಆರಿಸಿಕೊಂಡವಳಲ್ಲ, ಉಳಿದದ್ದರಲ್ಲಿ ಕುಳಿತವಳು. ತಾಯಿಯು ಮಗನನ್ನು ಕೆಳಗಿಳಿಸಿಕೊಂಡು ಮುಂದಿನ ಬಸ್ಸಿಗೆ ಕಾಯುತ್ತ ನಿಂತಳು. ಅಷ್ಟರಿಂದ ಅವಳ ಮಗನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು; ಟ್ರಾಲಿಯಲ್ಲಿ ಹೋದವರ ಪ್ರಶ್ನೆಯು ಹಾಗೆಯೇ ಉಳಿಯಿತು. ಅದನ್ನು ಕೇಳಬೇಕಾದ ಹೊಣೆಯು ಬಸ್ಸಿಗೆ ಕಾಯಲು ಹೊತ್ತೂ ಹಣವೂ ಉಳ್ಳವರ ಮೇಲೆಯೇ ಹೆಚ್ಚಾಗಿದೆ.